ಹೆಪಟೈಟಿಸ್ ವೈರಸ್ ಲಿವರ್‌ನಲ್ಲಿ ಕೂತಿದ್ದರೂ ದೇಹಕ್ಕೆ ಗೊತ್ತಾಗಲ್ಲ ಯಾಕೆ?

ಇಂಡಿ ನಿಂಬೆ (ವಿಜಯಪುರ)

ಎಲ್ಲರಿಗೂ ನಮಸ್ಕಾರ. ಬಿಎಸ್ಸಿ ಕೊನೆ ವರ್ಷದಲ್ಲಿದ್ದೇನೆ. ಪಾಠದಲ್ಲಿ ಓದಿದ್ದಕ್ಕೂ ಮನೆಯಲ್ಲಿ ಕಂಡದ್ದಕ್ಕೂ ತಾಳೆ ಆಗ್ತಾ ಇಲ್ಲ, ಅದಕ್ಕೇ ಇಲ್ಲಿ ಕೇಳ್ತಾ ಇದ್ದೇನೆ.

ನಮ್ಮ ಮಾಮಾ ಊರಿನ ಶಿಬಿರದಲ್ಲಿ ರಕ್ತ ಕೊಟ್ಟು ಬಂದರು. ಆಮೇಲೆ ಫೋನ್ ಬಂತು. ಹೆಪಟೈಟಿಸ್ ಬಿ ಇದೆ, ಡಾಕ್ಟರನ್ನು ಕಾಣಿ ಅಂದರು. ಮಾಮಾಗೆ ಏನೂ ಆಗಿಲ್ಲ. ತೋಟಕ್ಕೆ ಹೋಗುತ್ತಾರೆ, ರೊಟ್ಟಿ ನಮಗಿಂತ ಜಾಸ್ತಿನೇ ತಿನ್ನುತ್ತಾರೆ, ಕಣ್ಣು ಬೆಳ್ಳಗಿದೆ. ಇದೇ ಮನೆಯಲ್ಲಿ ನನ್ನ ತಮ್ಮನಿಗೆ ಹಿಂದೆ ಕಾಮಣಿ ಆಗಿತ್ತು. ಅದು ಹೆಪಟೈಟಿಸ್ ಎ ಅಂದಿದ್ದರು. ಅವನು ಹಾಸಿಗೆ ಹಿಡಿದ, ಮೈಯೆಲ್ಲ ಹಳದಿ ಆಯಿತು, ಪೂರ್ತಿ ವಾಸಿಯೂ ಆದ.

ಪುಸ್ತಕದಲ್ಲಿ ಬರೆದಿದ್ದು ಏನಂದರೆ, ವೈರಸ್ ಕೋಶದೊಳಗೆ ಬಂದ ಕೆಲವೇ ಗಂಟೆಗಳಲ್ಲಿ ಹುಟ್ಟಿನಿಂದ ಬಂದ ರಕ್ಷಣೆ ಎಚ್ಚರ ಆಗುತ್ತದೆ, ಇಂಟರ್‌ಫೆರಾನ್ ಎಂಬ ಎಚ್ಚರಿಕೆ ಪ್ರೋಟೀನು ಸುರಿಯುತ್ತದೆ ಅಂತ. ಹಾಗಾದರೆ ಮಾಮಾನ ದೇಹ ಇಷ್ಟು ವರ್ಷ ಏನು ಮಾಡ್ತಾ ಇತ್ತು? ಚಿಕಿತ್ಸೆ ಬಗ್ಗೆ ಡಾಕ್ಟರ್ ನೋಡಿಕೊಳ್ಳುತ್ತಿದ್ದಾರೆ. ನನಗೆ ಒಳಗೆ ನಡೆಯುವುದು ತಿಳಿಯಬೇಕು.

ಬಾಗಲಕೋಟೆ ಬಯಾಲಜಿ

ಒಳ್ಳೆ ಪ್ರಶ್ನೆ ತಂಗಿ. ಮೊದಲು ಎಚ್ಚರಿಕೆ ವ್ಯವಸ್ಥೆ ಹೇಗಿದೆ ಅಂತ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಗಾಳಿಯಲ್ಲಿ ನೇತಾಡುತ್ತದೆ.

ಲಿವರ್ ಕೋಶದೊಳಗೆ ನಮ್ಮದೇ ಆರ್‌ಎನ್‌ಎ ಬೇಕಾದಷ್ಟು ಓಡಾಡುತ್ತಿರುತ್ತದೆ. ಅದರ ತುದಿಗೆ ನಮ್ಮ ಕೋಶದ ಗುರುತು ಇರುತ್ತದೆ. ವೈರಸ್‌ನ ಆರ್‌ಎನ್‌ಎಗೆ ಎಷ್ಟೋ ಸಲ ಆ ಗುರುತು ಇರಲ್ಲ, ಅಥವಾ ಅದು ಜೋಡಿ ಎಳೆಯಾಗಿ ಸಿಗುತ್ತದೆ. ಇದನ್ನು ಮುಟ್ಟಿ ನೋಡಿ ಹಿಡಿಯುವ ಪ್ರೋಟೀನುಗಳು ಎರಡು: ರಿಗ್-ಐ ಮತ್ತು ಎಂಡಿಎ5. ಇವು ಸುದ್ದಿಯನ್ನು ಮೈಟೊಕಾಂಡ್ರಿಯಾದ ಹೊರಪೊರೆಗೆ ಅಂಟಿಕೊಂಡಿರುವ ಮ್ಯಾವ್ಸ್ ಎಂಬ ಪ್ರೋಟೀನಿಗೆ ಮುಟ್ಟಿಸುತ್ತವೆ. ಮ್ಯಾವ್ಸ್‌ನಿಂದ ಸುದ್ದಿ ನ್ಯೂಕ್ಲಿಯಸ್‌ಗೆ ಹೋಗುತ್ತದೆ. ಅಲ್ಲಿ ಇಂಟರ್‌ಫೆರಾನ್ ಜೀನ್ ಚಾಲೂ ಆಗುತ್ತದೆ. ಇಂಟರ್‌ಫೆರಾನ್ ಹೊರಗೆ ಬಂದು ಅಕ್ಕಪಕ್ಕದ ಕೋಶಗಳನ್ನು ತಟ್ಟುತ್ತದೆ, ಅವು ನೂರಾರು ರಕ್ಷಣಾ ಜೀನ್‌ಗಳನ್ನು ಹೊತ್ತಿಸಿಕೊಳ್ಳುತ್ತವೆ. 1957ರಲ್ಲಿ ಲಂಡನ್‌ನಲ್ಲಿ ಐಸಾಕ್ಸ್ ಮತ್ತು ಲಿಂಡೆನ್‌ಮನ್ ಇಂಟರ್‌ಫೆರಾನ್ ಕಂಡುಹಿಡಿದಿದ್ದರು. ಅದನ್ನು ಕರೆಯುವ ದಾರಿ ಪೂರ್ತಿ ಬಿಡಿಸಿಕೊಳ್ಳಲು ಇನ್ನೂ ಅರ್ಧ ಶತಮಾನ ಹಿಡಿಯಿತು.

ಈಗ ಹೆಪಟೈಟಿಸ್ ಸಿ ತಗೊಳ್ಳಿ, ಅದರ ಕಥೆ ಸ್ಪಷ್ಟವಾಗಿದೆ. ಸುಮಾರು 9,600 ಅಕ್ಷರದ ಆರ್‌ಎನ್‌ಎ. ಬಾಲದ ಕಡೆ ಯು ಅಕ್ಷರ ಸಾಲಾಗಿ ಬರುತ್ತದೆ. ರಿಗ್-ಐ ಅದನ್ನು ಚೆನ್ನಾಗಿಯೇ ಹಿಡಿಯುತ್ತದೆ. ಅಂದರೆ ವೈರಸ್ ಸಿಕ್ಕಿಬಿದ್ದಿದೆ. ಆದರೂ ಇಂಟರ್‌ಫೆರಾನ್ ಬರಲ್ಲ. ಯಾಕಂದರೆ ಅಷ್ಟರಲ್ಲಿ ಸಿ ವೈರಸ್ ಎನ್‌ಎಸ್3/4ಎ ಎಂಬ ಕತ್ತರಿ ತಯಾರು ಮಾಡಿಕೊಂಡಿರುತ್ತದೆ. ಅದು ಮ್ಯಾವ್ಸನ್ನೇ ಕತ್ತರಿಸುತ್ತದೆ.

ಜಮಖಂಡಿ ಕಬ್ಬು

ಸರ್, ಅಂದರೆ ಗೋದಾಮಿನ ಸಿಸಿಟಿವಿ ಕ್ಯಾಮೆರಾ ಸರಿಯಾಗೇ ಇದೆ, ಕಳ್ಳನನ್ನು ನೋಡಿಯೂ ಇದೆ, ಆದರೆ ಸೈರನ್‌ಗೆ ಹೋಗೋ ವೈರ್ ಕಟ್ ಮಾಡಿದ್ದಾನೆ ಅಂತಾನಾ?

ಬಾಗಲಕೋಟೆ ಬಯಾಲಜಿ

ಸರಿಯಾಗಿ ಹಿಡಿದಿರಿ. ಎಷ್ಟು ನಿಖರವಾಗಿ ಕತ್ತರಿಸುತ್ತದೆ ಅಂತ ನೋಡಿ. ಮ್ಯಾವ್ಸ್ 540 ಅಮೈನೊ ಆಮ್ಲಗಳ ಸರ. ಕತ್ತರಿ ಬೀಳುವುದು 508ನೇ ಜಾಗದಲ್ಲಿ, ಒಂದು ಸಿಸ್ಟೀನ್ ಪಕ್ಕ. ಉಳಿದ ಬಾಲ ಮಾತ್ರ ಮೈಟೊಕಾಂಡ್ರಿಯಾಗೆ ಅಂಟಿಕೊಂಡಿರುತ್ತದೆ. ಮುಂದಿನ ಭಾಗ ಸಡಿಲವಾಗಿ ಕೋಶದೊಳಗೆ ತೇಲುತ್ತದೆ. ಪೊರೆ ಬಿಟ್ಟರೆ ಮ್ಯಾವ್ಸ್ ಯಾವ ಕೆಲಸಕ್ಕೂ ಬರಲ್ಲ.

ನನಗೆ ಇದರಲ್ಲಿ ಇಷ್ಟವಾಗುವ ಸಂಗತಿ ಬೇರೆ ಇದೆ. ಈ ಕತ್ತರಿಯನ್ನು ವೈರಸ್ ನಮಗೋಸ್ಕರ ಇಟ್ಟುಕೊಂಡದ್ದಲ್ಲ. ಸಿ ವೈರಸ್ ತನ್ನ ಎಲ್ಲ ಪ್ರೋಟೀನನ್ನೂ ಸುಮಾರು 3,000 ಅಮೈನೊ ಆಮ್ಲದ ಒಂದೇ ಉದ್ದ ಸರವಾಗಿ ಹೊರತರುತ್ತದೆ. ಅದನ್ನು ತುಂಡು ಮಾಡಿ 10 ಪ್ರೋಟೀನು ಮಾಡಿಕೊಳ್ಳಬೇಕು. ಅದರಲ್ಲಿ ನಾಲ್ಕು ಕಡೆ ಕತ್ತರಿಸುವುದು ಇದೇ ಕತ್ತರಿ. ಮನೆಗೆಲಸದ ಕತ್ತರಿಯಿಂದಲೇ ನಮ್ಮ ವೈರ್ ಕಟ್ ಆಗುತ್ತಿದೆ.

ಗೋಕಾಕದವ

ಊರು ಗೋಕಾಕ, ಈಗ ಬೆಂಗಳೂರಿನಲ್ಲಿ ವೈರಾಲಜಿ ಲ್ಯಾಬ್‌ನಲ್ಲಿ ಪಿಎಚ್‌ಡಿ. ಸರ್ ಹೇಳಿದ್ದಕ್ಕೆ ಸ್ವಲ್ಪ ಸೇರಿಸುತ್ತೇನೆ.

2003ರಲ್ಲಿ ಅಮೆರಿಕದ ಮೈಕೇಲ್ ಗೇಲ್ ಅವರ ತಂಡ ಒಂದು ಸರಳ ಪ್ರಯೋಗ ಮಾಡಿತು. ಸಿ ವೈರಸ್ ಆರ್‌ಎನ್‌ಎ ಇರುವ ಕೋಶಕ್ಕೆ ಈ ಕತ್ತರಿಯನ್ನು ಜಾಮ್ ಮಾಡುವ ರಾಸಾಯನಿಕ ಕೊಟ್ಟರು. ಸತ್ತುಹೋಗಿದ್ದ ಇಂಟರ್‌ಫೆರಾನ್ ದಾರಿ ಮತ್ತೆ ಎದ್ದು ಕೂತಿತು. ಆಗ ಮ್ಯಾವ್ಸ್ ಅನ್ನೋದು ಇದೆ ಅಂತಲೇ ಯಾರಿಗೂ ಗೊತ್ತಿರಲಿಲ್ಲ! ವೈರಸ್ ಏನನ್ನೋ ಕತ್ತರಿಸುತ್ತಿದೆ, ಏನನ್ನು ಅಂತ ಹುಡುಕಾಟ. 2005ರಲ್ಲಿ ನಾಲ್ಕು ಲ್ಯಾಬ್‌ಗಳು ಬೇರೆ ಬೇರೆಯಾಗಿ ಅದನ್ನು ಹಿಡಿದವು, ನಾಲ್ಕೂ ತಮ್ಮ ತಮ್ಮ ಹೆಸರಿಟ್ಟವು. ಡಲ್ಲಾಸ್‌ನ ಝಿಜಿಯಾನ್ ಚೆನ್ ಇಟ್ಟ ಮ್ಯಾವ್ಸ್ ಉಳಿಯಿತು. ಹಳೆ ಪೇಪರ್ ಓದುವಾಗ ಕಾರ್ಡಿಫ್, ವೀಸಾ, ಐಪಿಎಸ್-1 ಅಂತ ಸಿಕ್ಕರೆ ಗಾಬರಿ ಆಗಬೇಡಿ, ಎಲ್ಲ ಅದೇ.

ಇನ್ನೊಂದು ದಾರಿಯೂ ಇದೆ. ಟಿಎಲ್‌ಆರ್3 ಎಂಬ ಗ್ರಾಹಕ ಜೋಡಿ ಎಳೆ ಆರ್‌ಎನ್‌ಎ ನೋಡಿ ಟ್ರಿಫ್ ಎಂಬ ಪ್ರೋಟೀನಿನ ಮೂಲಕ ಸುದ್ದಿ ಕಳಿಸುತ್ತದೆ. ಅದೇ ಕತ್ತರಿ ಟ್ರಿಫನ್ನೂ ಕತ್ತರಿಸುತ್ತದೆ. ಎರಡೂ ವೈರ್ ಹೋಯಿತು.

ಆದರೆ ಸಿಸಿಟಿವಿ ಹೋಲಿಕೆ ಇಲ್ಲಿಗೆ ನಿಲ್ಲಿಸಬೇಕು ಅಂತ ನನ್ನ ಅಭಿಪ್ರಾಯ. ಸಿ ಇರುವ ಲಿವರ್‌ನ ತುಣುಕು ತೆಗೆದು ನೋಡಿದರೆ ರಕ್ಷಣಾ ಜೀನ್‌ಗಳು ಎಷ್ಟೋ ಜನರಲ್ಲಿ ಜೋರಾಗಿ ಹೊತ್ತಿಕೊಂಡಿರುತ್ತವೆ. ವೈರ್ ಕಟ್ ಆಗಿರುವುದು ಸೋಂಕು ತಗುಲಿದ ಕೋಶದಲ್ಲಿ ಮಾತ್ರ. ಪಕ್ಕದಲ್ಲಿರುವ ಬೇರೆ ಜಾತಿಯ ರಕ್ಷಣಾ ಕೋಶಗಳು ಆ ವೈರಸ್ ಆರ್‌ಎನ್‌ಎಯನ್ನು ಹೊರಗಿನಿಂದ ಹಿಡಿದು ಇಂಟರ್‌ಫೆರಾನ್ ಸುರಿಸುತ್ತವೆ. ಸೈರನ್ ಕೂಗುತ್ತಲೇ ಇದೆ. ಸಿ ವೈರಸ್ ಅದರ ನಡುವೆಯೇ ಬದುಕುತ್ತದೆ. ಇಂಟರ್‌ಫೆರಾನ್ ಬಂದು ತಟ್ಟಿದ ಮೇಲೂ ಒಳಗಿನ ಕೆಲಸ ನಿಧಾನ ಮಾಡುವ ಉಪಾಯಗಳು ಅದರ ಬಳಿ ಇವೆ. ಉದಾಹರಣೆಗೆ ಪಿಕೆಆರ್ ಎಂಬ ನಮ್ಮ ರಕ್ಷಣಾ ಪ್ರೋಟೀನನ್ನು ಸಿ ವೈರಸ್‌ನ ಎನ್‌ಎಸ್5ಎ ಎಂಬ ಪ್ರೋಟೀನು ಅಡ್ಡಗಟ್ಟುತ್ತದೆ.

ತಾಳಿಕೋಟಿ ತಮ್ಮಾ

ಇಷ್ಟೆಲ್ಲ ಯಾಕೆ ಬೇಕು? ದಿನಾ ಬೆಳಿಗ್ಗೆ ಅಮೃತಬಳ್ಳಿ, ಶುಂಠಿ, ಮೆಣಸು ಹಾಕಿ ಕಷಾಯ ಕುಡಿದರೆ ಇಮ್ಯುನಿಟಿ ಏರುತ್ತೆ. ಇಮ್ಯುನಿಟಿ ಇದ್ದರೆ ವೈರಸ್ ನಿಲ್ಲಲ್ಲ. ನಮ್ಮ ಹಿರಿಯರು ಹಿಂಗೇ ಬದುಕಿದರು.

ಲ್ಯಾಬ್ ಅಕ್ಕ (ಬೆಳಗಾವಿ)

ತಮ್ಮಾ, ಶುಂಠಿ ಮೆಣಸು ಕುಡಿಯಪ್ಪ, ಬೇಡ ಅನ್ನಲ್ಲ. ಅಮೃತಬಳ್ಳಿ ವಿಷಯದಲ್ಲಿ ಮಾತ್ರ ಹುಷಾರು. 2021ರಲ್ಲಿ ಮುಂಬೈ ಡಾಕ್ಟರುಗಳು ಅದನ್ನು ಸೇವಿಸುತ್ತಿದ್ದ 6 ಜನರ ಲಿವರ್‌ಗೆ ಪೆಟ್ಟು ಬಿದ್ದದ್ದನ್ನು ವರದಿ ಮಾಡಿದರು. ದೇಹದ ರಕ್ಷಣೆ ತನ್ನದೇ ಲಿವರ್ ಮೇಲೆ ತಿರುಗಿಬಿದ್ದ ಲಕ್ಷಣ ಅವರಲ್ಲಿ ಕಂಡಿತ್ತು. ಹೆಪಟೈಟಿಸ್ ಇರುವವರಿಗೆ ಇಮ್ಯುನಿಟಿ ಏರಿಸೋ ಪುಡಿ ಕೊಡುವವರು ಇದನ್ನು ಮೊದಲು ಓದಬೇಕು.

ಗೋಕಾಕದವ

ಅಕ್ಕಾರು ಹೇಳಿದ್ದು ಸರಿ. ತಾಳಿಕೋಟಿಯವರೇ, ಇಲ್ಲಿ ತೊಂದರೆ "ಶಕ್ತಿ ಕಡಿಮೆ" ಅನ್ನುವುದಲ್ಲ. ಗಟ್ಟಿಮುಟ್ಟಾದ ಪೈಲ್ವಾನನ ಕೋಶದಲ್ಲೂ ಮ್ಯಾವ್ಸ್ 508ರಲ್ಲೇ ಕಟ್ ಆಗುತ್ತದೆ.

ಜಮಖಂಡಿ ಕಬ್ಬು

ನಮ್ಮ ಕಾಕಾ ಸಿ ಬಂದಾಗ ಇದೇ ಇಂಟರ್‌ಫೆರಾನ್ ಇಂಜೆಕ್ಷನ್ ತಗೊಂಡಿದ್ದರು. ವಾರಕ್ಕೊಂದು, ಜೊತೆಗೆ ರಿಬಾವಿರಿನ್ ಗುಳಿಗೆ. ಇಂಜೆಕ್ಷನ್ ಹಾಕಿಸಿಕೊಂಡ ರಾತ್ರಿ ಕಂಬಳಿ ಹೊದ್ದು ಗಡಗಡ ನಡುಗುತ್ತಿದ್ದರು. ಮರುದಿನ ಯಾರೊಂದಿಗೂ ಮಾತಿಲ್ಲ, ಗ್ವಾಡಿ ಕಡೆ ಮುಖ ಮಾಡಿ ಮಲಗುತ್ತಿದ್ದರು. ಕೂದಲು ಉದುರಿತು, ಸಿಟ್ಟು ಜಾಸ್ತಿ ಆಯಿತು. ಅಷ್ಟು ಕಷ್ಟಪಟ್ಟರೂ ಹೋಗಲಿಲ್ಲ. ಆಮೇಲೆ ಹೊಸ ಗುಳಿಗೆ ಬಂದವು, ಮೂರು ತಿಂಗಳಲ್ಲಿ ಮುಗಿಯಿತು. ನನ್ನ ಪ್ರಶ್ನೆ ಇಷ್ಟು. ದೇಹಕ್ಕೆ ಇಂಟರ್‌ಫೆರಾನ್ ಸಾಲದು ಅಂತ ಹೊರಗಿನಿಂದ ತುಂಬಿದರೂ ಯಾಕೆ ಕೆಲಸ ಆಗಲಿಲ್ಲ?

ಗೋಕಾಕದವ

ಅಣ್ಣಾ, ಇದಕ್ಕೆ ಉತ್ತರ ಕೇಳಿದರೆ ತಲೆ ತಿರುಗುತ್ತದೆ. ಚಿಕಿತ್ಸೆಗೆ ಮೊದಲೇ ಯಾರ ಲಿವರ್‌ನಲ್ಲಿ ರಕ್ಷಣಾ ಜೀನ್‌ಗಳು ಜೋರಾಗಿ ಹೊತ್ತಿಕೊಂಡಿದ್ದವೋ ಅವರಿಗೇ ಇಂಟರ್‌ಫೆರಾನ್ ಸರಿಯಾಗಿ ಹತ್ತಲಿಲ್ಲ! ಮೊದಲಿನಿಂದ ಕೂಗಿ ಕೂಗಿ ಕೋಶ ಆ ಕರೆಗೆ ಮರಗಟ್ಟಿ ಹೋಗಿರುತ್ತದೆ. ಇನ್ನಷ್ಟು ಸುರಿದರೆ ಜ್ವರ ಬರುತ್ತದೆ, ವೈರಸ್ ಅಲ್ಲಾಡಲ್ಲ.

2009ರಲ್ಲಿ ಇನ್ನೊಂದು ಸುಳಿವು ಸಿಕ್ಕಿತು. 19ನೇ ಕ್ರೋಮೊಸೋಮಿನಲ್ಲಿ ಲ್ಯಾಮ್ಡಾ ಇಂಟರ್‌ಫೆರಾನ್ ಜೀನ್ ಪಕ್ಕದ ಒಂದು ಅಕ್ಷರದ ವ್ಯತ್ಯಾಸ ಯಾರಿಗೆ ಇಂಜೆಕ್ಷನ್ ಹತ್ತುತ್ತದೆ, ಯಾರಿಗೆ ಇಲ್ಲ ಅಂತ ಬಹಳಷ್ಟು ಮುಂಚೆಯೇ ಹೇಳುತ್ತಿತ್ತು. 2013ರಲ್ಲಿ ಅಲ್ಲೇ ಇನ್ನೊಂದು ಜೀನ್ ಸಿಕ್ಕಿತು, ಐಎಫ್‌ಎನ್‌ಎಲ್4. ಅದು ಕೆಲವರಲ್ಲಿ ಮಾತ್ರ ಪ್ರೋಟೀನು ಮಾಡುತ್ತದೆ. ಯಾರಲ್ಲಿ ಆ ಇಂಟರ್‌ಫೆರಾನ್ ತಯಾರಾಗುತ್ತದೋ ಅವರಲ್ಲೇ ಸಿ ತಾನಾಗಿ ಹೋಗುವುದು ಕಡಿಮೆ. ರಕ್ಷಣೆಯ ಸಾಮಾನು ಒಂದು ಜಾಸ್ತಿ ಇದ್ದವರಿಗೇ ನಷ್ಟ! ನಮ್ಮ ಲ್ಯಾಬ್‌ನಲ್ಲಿ ಇದರ ಮೇಲೆ ಇನ್ನೂ ಜಗಳ ನಡೆಯುತ್ತದೆ.

ಹೊಸ ಗುಳಿಗೆಗಳು ಈ ರಕ್ಷಣಾ ವ್ಯವಸ್ಥೆಯ ಗೊಡವೆಗೇ ಹೋಗಲ್ಲ. ಸೊಫೊಸ್ಬುವಿರ್ ವೈರಸ್ ನಕಲಾಗುವ ಯಂತ್ರವನ್ನು ನಿಲ್ಲಿಸುತ್ತದೆ. ಡಕ್ಲಾಟಾಸ್ವಿರ್, ವೆಲ್ಪಾಟಾಸ್ವಿರ್ ಮೇಲೆ ಹೇಳಿದ ಎನ್‌ಎಸ್5ಎಯನ್ನು ಹಿಡಿಯುತ್ತವೆ. ಕತ್ತರಿಯನ್ನೇ ಜಾಮ್ ಮಾಡುವ ಔಷಧಗಳೂ 2011ರಲ್ಲಿ ಬಂದವು. ಆದರೆ ನಮ್ಮ ದೇಶದಲ್ಲಿ ಹೆಚ್ಚಾಗಿ ಸಿಗುವುದು ಸಿ ವೈರಸ್‌ನ ಜೀನೋಟೈಪ್ 3 ಎಂಬ ಬಗೆ. ಅದಕ್ಕೆ ಆ ಮೊದಲ ಔಷಧಗಳು ಅಷ್ಟು ನಾಟಲಿಲ್ಲ. ಈಗ 12 ವಾರದ ಗುಳಿಗೆಯಲ್ಲಿ 100ಕ್ಕೆ 95ರ ಸುಮಾರು ಜನ ಗುಣ ಆಗುತ್ತಾರೆ.

ಲ್ಯಾಬ್ ಅಕ್ಕ (ಬೆಳಗಾವಿ)

ದುಡ್ಡಿಲ್ಲ ಅಂತ ಯಾರೂ ಸುಮ್ನೆ ಕೂರಬೇಡಿ. ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ 2018ರ ಜುಲೈ 28ರಂದು ಶುರುವಾಗಿದೆ. ಅದರಡಿ ಸರ್ಕಾರಿ ಚಿಕಿತ್ಸಾ ಕೇಂದ್ರಗಳಲ್ಲಿ ಬಿ, ಸಿ ಎರಡಕ್ಕೂ ಪರೀಕ್ಷೆ ಮತ್ತು ಔಷಧ ಉಚಿತ. ಜಿಲ್ಲಾ ಆಸ್ಪತ್ರೆಯಲ್ಲಿ ಕೇಳಿ.

ಇಂಡಿ ನಿಂಬೆ (ವಿಜಯಪುರ)

ಸಿ ವೈರ್ ಕಟ್ ಮಾಡುತ್ತದೆ, ಅದಕ್ಕೇ ಉಳಿಯುತ್ತದೆ. ಎ ಹಾಗೆ ಮಾಡಲ್ಲ, ಅದಕ್ಕೇ ತಮ್ಮನಿಗೆ ವಾಸಿ ಆಯಿತು. ಹೀಗೆ ಬರೆದುಕೊಳ್ಳಲಾ ಸರ್?

ಬಾಗಲಕೋಟೆ ಬಯಾಲಜಿ

ಬೇಡ ಬೇಡ! ಪರೀಕ್ಷೆಯಲ್ಲಿ ಬರೆದರೆ ಮಾರ್ಕ್ಸ್ ಬರಬಹುದು, ಆದರೆ ಅದು ಹಾಗಿಲ್ಲ. ಎ ಕೂಡ ಮ್ಯಾವ್ಸ್ ಕತ್ತರಿಸುತ್ತದೆ.

ಜಮಖಂಡಿ ಕಬ್ಬು

ಆಂ?

ಗೋಕಾಕದವ

ಹೌದು. ಎ ಮತ್ತು ಸಿ ಒಂದಕ್ಕೊಂದು ಸಂಬಂಧವೇ ಇಲ್ಲದ ವೈರಸ್‌ಗಳು. ಎ ಪೋಲಿಯೊ ಕುಟುಂಬದ್ದು, ಸಿ ಡೆಂಗ್ಯೂ ಕುಟುಂಬದ್ದು. ಎರಡೂ ಬೇರೆ ಬೇರೆ ಕತ್ತರಿ ಮಾಡಿಕೊಂಡು ಒಂದೇ ಪ್ರೋಟೀನಿಗೆ ಬಂದು ನಿಂತಿವೆ. ಎ ತನ್ನ 3ಎಬಿಸಿ ಎಂಬ ಪ್ರೋಟೀನಿನಿಂದ ಮ್ಯಾವ್ಸ್ ಕತ್ತರಿಸುತ್ತದೆ, ಇದು 2007ರಲ್ಲಿ ಗೊತ್ತಾಯಿತು. 3ಸಿಡಿಯಿಂದ ಟ್ರಿಫ್ ಕತ್ತರಿಸುತ್ತದೆ, ಇದು 2011ರಲ್ಲಿ. ಚಿಂಪಾಂಜಿಗಳಲ್ಲಿ ಹೋಲಿಸಿ ನೋಡಿದಾಗ ಎ ವೈರಸ್ ಸಿಗಿಂತಲೂ ಮೌನ. ಲಿವರ್‌ನಲ್ಲಿ ರಕ್ಷಣಾ ಜೀನ್‌ಗಳು ಅಷ್ಟಾಗಿ ಏಳಲೇ ಇಲ್ಲ. ರೋಗ ಮುಗಿದ ಮೇಲೂ ವೈರಸ್ ಆರ್‌ಎನ್‌ಎ ತಿಂಗಳುಗಟ್ಟಲೆ ಲಿವರ್‌ನಲ್ಲಿ ಸಿಗುತ್ತಿತ್ತು.

ಹಾಗಾದರೆ ಎ ಯಾಕೆ ಹೋಗುತ್ತದೆ? ಎರಡನೇ ಸಾಲಿನ ರಕ್ಷಣೆಯಿಂದ, ಅಂದರೆ ಆಂಟಿಬಾಡಿ ಮತ್ತು ಟಿ ಕೋಶಗಳಿಂದ. ಎ ವೈರಸ್‌ನ ಹೊರಕವಚ ಪ್ರಪಂಚದ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ. ಒಂದು ಸಲ ಆಂಟಿಬಾಡಿ ತಯಾರಾದರೆ ಮುಗೀತು, ಜೀವನಪೂರ್ತಿ ಮತ್ತೆ ಬರಲ್ಲ. ಸಿ ಹಾಗಲ್ಲ. ದಿನಕ್ಕೆ ಸುಮಾರು ಒಂದು ಲಕ್ಷ ಕೋಟಿ ವೈರಸ್ ಹುಟ್ಟುತ್ತವೆ. ನಕಲು ಮಾಡುವಾಗ ತಪ್ಪು ತಿದ್ದುವ ವ್ಯವಸ್ಥೆ ಅದಕ್ಕಿಲ್ಲ. ಇವತ್ತಿನ ಆಂಟಿಬಾಡಿ ತಯಾರಾಗುವಷ್ಟರಲ್ಲಿ ಕವಚ ಬದಲಾಗಿರುತ್ತದೆ. ಮೊದಲ ಸಾಲಿನಿಂದ ತಪ್ಪಿಸಿಕೊಂಡದ್ದು ಸಿಗೆ ಸಮಯ ಕೊಡುತ್ತದೆ, ಅಷ್ಟೇ. ಆ ಸಮಯವನ್ನು ಏನು ಮಾಡಿಕೊಳ್ಳುತ್ತದೆ ಅನ್ನುವುದರ ಮೇಲೆ ಉಳಿದದ್ದು. ಅಂದ ಹಾಗೆ 100ರಲ್ಲಿ 30ರಷ್ಟು ಜನರಿಗೆ ಸಿ ಕೂಡ 6 ತಿಂಗಳೊಳಗೆ ತಾನಾಗಿ ಹೋಗುತ್ತದೆ.

ಮ್ಯಾವ್ಸ್ ಬಗ್ಗೆ ಇನ್ನೂ ಒಂದು ಹೇಳಲೇಬೇಕು. ಎ ವೈರಸ್ ಇಲಿಗೆ ಹತ್ತುವುದಿಲ್ಲ. ಯಾಕೆ ಅಂತ 2016ರಲ್ಲಿ ನಾರ್ತ್ ಕ್ಯಾರೊಲಿನಾದ ಸ್ಟ್ಯಾನ್ಲಿ ಲೆಮನ್ ಅವರ ತಂಡ ತೋರಿಸಿತು. ಅದರ ಕತ್ತರಿಗೆ ಮನುಷ್ಯರ ಮ್ಯಾವ್ಸ್ ಸಿಗುತ್ತದೆ, ಇಲಿಯ ಮ್ಯಾವ್ಸ್ ಸಿಗುವುದಿಲ್ಲ. ಅಷ್ಟೇ ಕಾರಣ. ಮ್ಯಾವ್ಸ್ ಜೀನ್ ತೆಗೆದುಹಾಕಿದ ಇಲಿಗೆ ವೈರಸ್ ಕೊಟ್ಟರು, ಹತ್ತಿತು. ರಕ್ತದಲ್ಲಿ, ಹಿಕ್ಕೆಯಲ್ಲಿ ವೈರಸ್ಸೇ ವೈರಸ್. ಆದರೆ ಆ ಇಲಿಗಳ ಲಿವರ್‌ಗೆ ಏನೂ ಆಗಲಿಲ್ಲ! ಮ್ಯಾವ್ಸ್ ಉಳಿಸಿ, ಇಂಟರ್‌ಫೆರಾನ್ ಹಿಡಿಯುವ ಗ್ರಾಹಕವನ್ನು ಮಾತ್ರ ತೆಗೆದ ಇಲಿಗಳಲ್ಲಿ ಲಿವರ್ ಕೆಟ್ಟಿತು. ಮ್ಯಾವ್ಸ್ ಕೊಟ್ಟ ಎಚ್ಚರಿಕೆಗೆ ಸೋಂಕಿನ ಕೋಶ ತಾನೇ ಸತ್ತು ಬೀಳುತ್ತದೆ. ಲಿವರ್ ಊತಕ್ಕೆ ಕಾರಣ ಅದು.

ಇಂಡಿ ನಿಂಬೆ (ವಿಜಯಪುರ)

ಅಂದರೆ ತಮ್ಮ ಹಳದಿ ಆಗಿದ್ದು ವೈರಸ್ ತಿಂದದ್ದರಿಂದ ಅಲ್ಲ, ದೇಹ ಹೊಡೆದಾಡಿದ್ದರಿಂದ?

ಬಾಗಲಕೋಟೆ ಬಯಾಲಜಿ

ಬಹುಪಾಲು ಹೌದು. ಎ ವೈರಸ್ ತಾನಾಗಿ ಕೋಶ ಒಡೆಯುವಂಥದ್ದಲ್ಲ. 6 ವರ್ಷದೊಳಗಿನ ಮಕ್ಕಳಿಗೆ ಎ ಬಂದರೆ ಹೆಚ್ಚಿನವರಿಗೆ ಕಣ್ಣು ಹಳದಿಯೇ ಆಗಲ್ಲ. ದೊಡ್ಡವರಿಗೆ ಬಂದರೆ ಹಾಸಿಗೆ ಹಿಡಿಸುತ್ತದೆ.

ಮಾಮಾನ ಕಣ್ಣು ಬೆಳ್ಳಗಿರುವುದಕ್ಕೂ ಇಲ್ಲೇ ಉತ್ತರ ಇದೆ. ಜಗಳ ನಡೆಯದಿದ್ದರೆ ಗದ್ದಲ ಎಲ್ಲಿಂದ?

ತಾಳಿಕೋಟಿ ತಮ್ಮಾ

ನೋಡಿ, ಕಾಮಣಿಗೆ ನಮ್ಮೂರ ಕಡೆ ಗಿಡಮೂಲಿಕೆ ಕೊಡುವವರು ಇದ್ದಾರೆ. ಮೂರು ವಾರದಲ್ಲಿ ಹಳದಿ ಇಳಿಯುತ್ತೆ. ಸುಳ್ಳಾ?

ಲ್ಯಾಬ್ ಅಕ್ಕ (ಬೆಳಗಾವಿ)

ಸುಳ್ಳಲ್ಲ ತಮ್ಮಾ, ಇಳಿಯುತ್ತೆ. ಕೊಡದಿದ್ದರೂ ಇಳಿಯುತ್ತಿತ್ತು. ಎ ಮತ್ತು ಇ ಹೆಚ್ಚಿನವರಲ್ಲಿ ತಾವಾಗಿ ಹೋಗುತ್ತವೆ, ಹೆಸರು ಮೂಲಿಕೆಗೆ ಬರುತ್ತದೆ. ತೊಂದರೆ ಆಗುವುದು ಅದೇ ಮೂಲಿಕೆಯನ್ನು ಬಿ ಇದ್ದವರಿಗೆ ಕೊಟ್ಟಾಗ. ಬಿ ಇದ್ದವರು ಮೊದಲೂ ಚೆನ್ನಾಗಿರುತ್ತಾರೆ, ಆಮೇಲೂ ಚೆನ್ನಾಗಿರುತ್ತಾರೆ. ಗುಣ ಆಯಿತು ಅಂದುಕೊಂಡು ಮನೆಗೆ ಹೋಗುತ್ತಾರೆ.

ಬಾಗಲಕೋಟೆ ಬಯಾಲಜಿ

ನೆಲನೆಲ್ಲಿ ವಿಷಯ ಹೇಳದೆ ಇರಬಾರದು. ಅದನ್ನು ಯಾರೂ ಕಡೆಗಣಿಸಿರಲಿಲ್ಲ. 1988ರಲ್ಲಿ ಮದ್ರಾಸಿನ ತ್ಯಾಗರಾಜನ್ ಮತ್ತು ಜೊತೆಗಾರರು ಬಿ ಇರುವ 37 ಜನರಿಗೆ ನೆಲನೆಲ್ಲಿ ಪುಡಿ ಕೊಟ್ಟು, 22 ಜನರಲ್ಲಿ ವೈರಸ್ ಗುರುತು ಮಾಯವಾಯಿತು ಅಂತ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಆ ಲೇಖಕರಲ್ಲಿ ಬರೂಕ್ ಬ್ಲಂಬರ್ಗ್ ಕೂಡ ಇದ್ದರು. ಬಿ ವೈರಸ್ ಕಂಡುಹಿಡಿದು 1976ರಲ್ಲಿ ನೊಬೆಲ್ ಪಡೆದವರೇ ಅವರು. ಪ್ರಪಂಚವೆಲ್ಲ ಕಿವಿ ನಿಮಿರಿಸಿತು. ಆಮೇಲೆ ಬೇರೆ ಬೇರೆ ಕಡೆ ಮಾಡಿ ನೋಡಿದರು. ಆ ಫಲಿತಾಂಶ ಮತ್ತೆ ಸಿಗಲಿಲ್ಲ. ಹಿರಿಯರ ಔಷಧಕ್ಕೆ ಮರ್ಯಾದೆ ಕೊಡುವುದು ಅಂದರೆ ಹೀಗೆ ಪರೀಕ್ಷೆ ಮಾಡಿ ನೋಡುವುದು ಅಂತ ನಾನಂತೂ ಅಂದುಕೊಂಡಿದ್ದೇನೆ.

ಲ್ಯಾಬ್ ಅಕ್ಕ (ಬೆಳಗಾವಿ)

ಬಿ ವಿಷಯಕ್ಕೆ ಬಂದಿದ್ದೇವಲ್ಲ, ನಾನು ದಿನಾ ಕಣ್ಣಾರೆ ನೋಡುವುದನ್ನು ಹೇಳುತ್ತೇನೆ.

ರಕ್ತದ ಟ್ಯೂಬನ್ನು ಸೆಂಟ್ರಿಫ್ಯೂಜ್‌ಗೆ ಹಾಕಿ ತಿರುಗಿಸಿದರೆ ಕೆಂಪೆಲ್ಲ ಕೆಳಗೆ ಕೂರುತ್ತದೆ, ಮೇಲೆ ಸೀರಂ ನಿಲ್ಲುತ್ತದೆ. ಕಾಮಣಿ ಜೋರಾಗಿರುವವರ ಸೀರಂ ಕಡು ಹಳದಿ, ಟ್ಯೂಬ್ ಎತ್ತಿ ಬೆಳಕಿಗೆ ಹಿಡಿಯಬೇಕಂತಲೂ ಇಲ್ಲ. ಬಿ ಇದ್ದೂ ಆರಾಮಾಗಿರುವವರ ಸೀರಂ ತಿಳಿಯಾಗಿ, ನಿಮ್ಮದು ನನ್ನದು ಇದ್ದ ಹಾಗೇ ಇರುತ್ತದೆ. ಅದನ್ನು ಕಾರ್ಡ್ ಮೇಲೆ ಹನಿಸುತ್ತೇವೆ. ತೇವ ನಿಧಾನವಾಗಿ ಪಟ್ಟಿಯ ಮೇಲೆ ಹತ್ತುತ್ತದೆ. ಸಿ ಅಂತ (ಕಂಟ್ರೋಲ್, ಹೆಪಟೈಟಿಸ್ ಸಿ ಅಲ್ಲ) ಗುರುತು ಹಾಕಿದ ಕಡೆ ಗೆರೆ ಬರಲೇಬೇಕು, ಕಾರ್ಡ್ ಸರಿಯಿದೆ ಅನ್ನೋದಕ್ಕೆ. ಟಿ (ಟೆಸ್ಟ್) ಹತ್ತಿರವೂ ಗೆರೆ ಮೂಡಿದರೆ ಎಚ್‌ಬಿಎಸ್‌ಎಜಿ, ಅಂದರೆ ಬಿ ವೈರಸ್‌ನ ಹೊರಕವಚದ ಪ್ರೋಟೀನು, ಇದೆ ಅಂತ. ಎಷ್ಟೋ ಸಲ ಟಿ ಗೆರೆ ಸಿ ಗೆರೆಗಿಂತ ದಪ್ಪ ಬರುತ್ತದೆ, ರಕ್ತ ಕೊಟ್ಟ ಮನುಷ್ಯ ಹೊರಗೆ ಬೆಂಚಿನ ಮೇಲೆ ಮೊಬೈಲ್ ನೋಡುತ್ತಾ ನಗುತ್ತಿರುತ್ತಾನೆ.

ಆ ಗೆರೆ ಏನು ಗೊತ್ತಾ? ಹೆಚ್ಚುಪಾಲು ಅದು ವೈರಸ್ ಅಲ್ಲವೇ ಅಲ್ಲ. ಬಿ ವೈರಸ್ ತನ್ನ ಹೊರಕವಚದ ಪ್ರೋಟೀನನ್ನು ಬೇಕಾಬಿಟ್ಟಿ ತಯಾರಿಸಿ ರಕ್ತಕ್ಕೆ ಬಿಡುತ್ತದೆ. ನಿಜವಾದ ವೈರಸ್ ಸುಮಾರು 42 ನ್ಯಾನೊಮೀಟರ್, ಒಳಗೆ ಡಿಎನ್‌ಎ ಇರುತ್ತದೆ. ಈ ಖಾಲಿ ಗೋಲಿಗಳು ಸುಮಾರು 22 ನ್ಯಾನೊಮೀಟರ್, ಒಳಗೆ ಏನೂ ಇಲ್ಲ. ಒಂದು ವೈರಸ್‌ಗೆ ಇಂಥ ಖಾಲಿ ಗೋಲಿ 1,000ದಿಂದ 1,00,000ದವರೆಗೂ ಇರುತ್ತವೆ. ಆಂಟಿಬಾಡಿಗಳು ಇವಕ್ಕೆ ಅಂಟಿಕೊಂಡು ಖಾಲಿ ಆಗುತ್ತವೆ. ಇಷ್ಟೊಂದು ಸುರಿದದ್ದರಿಂದಲೇ ನಮ್ಮ ಸಣ್ಣ ಕಾರ್ಡ್‌ಗೂ ಅದು ಸಿಕ್ಕಿಬೀಳುತ್ತದೆ.

ಜಮಖಂಡಿ ಕಬ್ಬು

ಅಕ್ಕಾರೇ, ಇದು ಗೊತ್ತೇ ಇರಲಿಲ್ಲ. ನಮ್ಮನ್ನು ಯಾಮಾರಿಸಲು ಬಿಟ್ಟದ್ದೇ ಅದನ್ನು ಹಿಡಿದುಕೊಟ್ಟಿತಲ್ಲ!

ಬಾಗಲಕೋಟೆ ಬಯಾಲಜಿ

ಈಗ ತಂಗಿಯ ಮೂಲ ಪ್ರಶ್ನೆ. ಬಿ ವೈರ್ ಕಟ್ ಮಾಡುವ ಗೋಜಿಗೂ ಅಷ್ಟಾಗಿ ಹೋಗಲ್ಲ. ಅದು ಕ್ಯಾಮೆರಾಕ್ಕೇ ಕಾಣಲ್ಲ.

2004ರಲ್ಲಿ ಫ್ರಾನ್ಸಿಸ್ ಚಿಸಾರಿ ಅವರ ತಂಡ ಚಿಂಪಾಂಜಿಗಳಿಗೆ ಬಿ ಸೋಂಕು ತಗುಲಿಸಿ, ಮತ್ತೆ ಮತ್ತೆ ಲಿವರ್ ತುಣುಕು ತೆಗೆದು, ಯಾವ ಯಾವ ಜೀನ್ ಏಳುತ್ತದೆ ಅಂತ ನೋಡಿತು. ವೈರಸ್ ಒಳಗೆ ಸೇರಿ ಲಿವರ್ ತುಂಬ ಹರಡುವ ಹೊತ್ತಿಗೂ ಅದಕ್ಕೆ ಪ್ರತಿಯಾಗಿ ಒಂದು ಜೀನ್ ಕೂಡ ಏಳಲಿಲ್ಲ. ಸಿ ಸೋಂಕಿನ ಚಿಂಪಾಂಜಿಗಳಲ್ಲಿ ಎದ್ದ ರಕ್ಷಣಾ ಜೀನ್‌ಗಳು ಇಲ್ಲಿ ಮಲಗಿಯೇ ಇದ್ದವು.

ಹೇಗೆ ಸಾಧ್ಯ? ಬಿ ವೈರಸ್ ಡಿಎನ್‌ಎ ಸುಮಾರು 3,200 ಅಕ್ಷರದ್ದು. ಅದು ನೇರ ನ್ಯೂಕ್ಲಿಯಸ್ ಒಳಗೆ ಹೋಗಿ ಪೂರ್ತಿ ಮುಚ್ಚಿದ ಉಂಗುರವಾಗುತ್ತದೆ. ಇದಕ್ಕೆ ಸಿಸಿಸಿ ಡಿಎನ್‌ಎ ಅನ್ನುತ್ತಾರೆ. ನಮ್ಮದೇ ಹಿಸ್ಟೋನ್ ಪ್ರೋಟೀನುಗಳನ್ನು ಸುತ್ತಿಕೊಂಡು ನಮ್ಮ ಕ್ರೋಮೊಸೋಮ್‌ಗಳ ನಡುವೆ ಕೂರುತ್ತದೆ. ಅಲ್ಲಿಂದ ಹೊರಡುವ ಆರ್‌ಎನ್‌ಎಗೆ ನಮ್ಮ ಕೋಶದ್ದೇ ಗುರುತು ಇರುತ್ತದೆ, ರಿಗ್-ಐಗೆ ಅನುಮಾನ ಬರಲ್ಲ. ಆ ಆರ್‌ಎನ್‌ಎಯಿಂದ ಮತ್ತೆ ಡಿಎನ್‌ಎ ಮಾಡುವ ಕೆಲಸ ಬಯಲಲ್ಲಿ ನಡೆಯಲ್ಲ, ಮುಚ್ಚಿದ ಕ್ಯಾಪ್ಸಿಡ್ ಎಂಬ ಪ್ರೋಟೀನ್ ಚಿಪ್ಪಿನೊಳಗೆ ನಡೆಯುತ್ತದೆ. ಬೇಡದ ಜಾಗದಲ್ಲಿ ಡಿಎನ್‌ಎ ಕಂಡರೆ ಕೂಗುವ ಸಿಗ್ಯಾಸ್-ಸ್ಟಿಂಗ್ ಎಂಬ ದಾರಿ ಲಿವರ್ ಕೋಶಗಳಲ್ಲಿ ಹೇಗೂ ದುರ್ಬಲ.

ಜೊತೆಗೆ ಲಿವರ್ ಸ್ವಭಾವವೂ ಇದೆ. ಅದಕ್ಕೆ ಬರುವ ರಕ್ತದಲ್ಲಿ ಮುಕ್ಕಾಲು ಪಾಲು ಕರುಳಿನಿಂದ ಬರುತ್ತದೆ. ತಿಂದದ್ದರ ಚೂರು, ಬ್ಯಾಕ್ಟೀರಿಯಾದ ಚೂರು ದಿನವಿಡೀ ಹಾದುಹೋಗುತ್ತವೆ. ಪ್ರತಿಯೊಂದಕ್ಕೂ ಕೂಗಾಡಿದರೆ ಲಿವರ್ ಉಳಿಯುತ್ತಿರಲಿಲ್ಲ. ಸಹಿಸಿಕೊಳ್ಳುವುದು ಅದರ ಅಭ್ಯಾಸ. ಈ ವೈರಸ್‌ಗಳಿಗೆ ಅದೇ ಅನುಕೂಲ.

ಗೋಕಾಕದವ

ಇಲ್ಲಿ ಒಂದು ತಕರಾರು ಇಡುತ್ತೇನೆ ಸರ್. ಬಿ ವೈರಸ್‌ನ ಪಾಲಿಮರೇಸ್ (ನಕಲು ಮಾಡುವ ಪ್ರೋಟೀನು), ಎಕ್ಸ್ ಪ್ರೋಟೀನ್ ಇತ್ಯಾದಿ ರಿಗ್-ಐ ದಾರಿಯನ್ನು ತಡೆಯುತ್ತವೆ ಅಂತ ಬೇಕಾದಷ್ಟು ಪೇಪರ್ ಇವೆ.

ನನ್ನ ಮಟ್ಟಿಗೆ ಅವುಗಳಲ್ಲಿ ಎಷ್ಟೋ ನಂಬಿಕೆ ಹುಟ್ಟಿಸಲ್ಲ. ಲ್ಯಾಬ್‌ನಲ್ಲಿ ಒಂದೇ ಪ್ರೋಟೀನನ್ನು ಕೋಶದೊಳಗೆ ರಾಶಿ ತುಂಬಿ ನೋಡಿದ್ದಾರೆ. ನಿಜವಾದ ಸೋಂಕಿನಲ್ಲಿ ಅಷ್ಟು ಇರುವುದೇ ಇಲ್ಲ. ಆದರೆ ಎಕ್ಸ್ ಪ್ರೋಟೀನಿನ ಒಂದು ಕೆಲಸ ಮಾತ್ರ ಗಟ್ಟಿ, 2016ರಲ್ಲಿ ಗೊತ್ತಾದದ್ದು. ನಮ್ಮ ನ್ಯೂಕ್ಲಿಯಸ್‌ನಲ್ಲಿ ಎಸ್‌ಎಂಸಿ5/6 ಎಂಬ ಪ್ರೋಟೀನ್ ಗುಂಪು ಇದೆ. ಇಂಥ ಉಂಗುರ ಡಿಎನ್‌ಎ ಕಂಡರೆ ಅದನ್ನು ಅದುಮಿ ಸುಮ್ಮನಾಗಿಸುತ್ತದೆ. ಎಕ್ಸ್ ಪ್ರೋಟೀನ್ ಕೋಶದ್ದೇ ಕಸ ವಿಲೇವಾರಿ ವ್ಯವಸ್ಥೆಯನ್ನು ಕರೆದು ಎಸ್‌ಎಂಸಿ5/6ನ್ನು ಪುಡಿ ಮಾಡಿಸುತ್ತದೆ. ಹಾಗಾಗಿ ಬಿ ಪೂರ್ತಿ ಅದೃಶ್ಯ ಅನ್ನುವುದಕ್ಕಿಂತ, ಕಾಣುವಷ್ಟನ್ನು ಮಾತ್ರ ಮುರಿಯುತ್ತದೆ ಅನ್ನಬೇಕು.

ಹೊರಗಿನಿಂದ ಸೈರನ್ ಬಾರಿಸಿ ನೋಡಿದ್ದೂ ಆಗಿದೆ. ವೆಸಾಟೊಲಿಮೋಡ್ ಎಂಬ ಗುಳಿಗೆ ಟಿಎಲ್‌ಆರ್7 ಗ್ರಾಹಕವನ್ನು ಎಬ್ಬಿಸುತ್ತದೆ. ರೋಗಿಗಳಲ್ಲಿ ರಕ್ಷಣಾ ಜೀನ್ ಎದ್ದವು, ಎಚ್‌ಬಿಎಸ್‌ಎಜಿ ಮಾತ್ರ ಇಳಿಯಲಿಲ್ಲ.

ಬಾಗಲಕೋಟೆ ಬಯಾಲಜಿ

ತಕರಾರು ಒಪ್ಪಿದೆ. ತರಗತಿಯಲ್ಲಿ ಇಷ್ಟು ವಿವರಕ್ಕೆ ಗಂಟೆ ಹೊಡೆದುಬಿಡುತ್ತದೆ.

ಇಂಡಿ ನಿಂಬೆ (ವಿಜಯಪುರ)

ಮಾಮಾಗೆ ಯಾವಾಗ ಬಂದಿರಬಹುದು? ಅವರು ಹುಟ್ಟಿದ್ದು 1980ರ ಆಸುಪಾಸು, ಮನೆಯಲ್ಲೇ ಹೆರಿಗೆ. ಬನಶಂಕರಿ ಜಾತ್ರೆಯಲ್ಲಿ ಕೈಮೇಲೆ ಹಚ್ಚೆ ಹಾಕಿಸಿಕೊಂಡಿದ್ದಾರೆ.

ಲ್ಯಾಬ್ ಅಕ್ಕ (ಬೆಳಗಾವಿ)

ಇಂಥದ್ದೇ ದಿನ ಅಂತ ಹೇಳಲಿಕ್ಕೆ ಯಾರಿಂದಲೂ ಆಗಲ್ಲಮ್ಮ. ಹಚ್ಚೆ ಸೂಜಿಯಿಂದ ಬರುತ್ತದೆ, ನಿಜ. ಈ ವೈರಸ್ ಹೊರಗೆ ಒಣಗಿದ ರಕ್ತದಲ್ಲೂ ಕನಿಷ್ಠ 7 ದಿನ ಬದುಕಿರುತ್ತದೆ. ಆದರೆ ದೊಡ್ಡವರಾದ ಮೇಲೆ ಬಂದರೆ 100ರಲ್ಲಿ 5ಕ್ಕಿಂತ ಕಡಿಮೆ ಜನರಲ್ಲಿ ಉಳಿಯುತ್ತದೆ, ಮಿಕ್ಕವರಲ್ಲಿ ಹೋಗಿಬಿಡುತ್ತದೆ. ಹುಟ್ಟುವಾಗ ತಾಯಿಯಿಂದ ಬಂದರೆ 100ರಲ್ಲಿ 90 ಮಕ್ಕಳಲ್ಲಿ ಉಳಿಯುತ್ತದೆ. ಹಾಗಾಗಿ ಚಿಕ್ಕಂದಿನಲ್ಲೇ ಬಂದಿರುವ ಸಾಧ್ಯತೆ ದೊಡ್ಡದು.

ಬಾಗಲಕೋಟೆ ಬಯಾಲಜಿ

ಅದಕ್ಕೇ ಮಗು ಹುಟ್ಟಿದ 24 ಗಂಟೆಯೊಳಗೆ ಲಸಿಕೆ. ನಮ್ಮ ದೇಶದಲ್ಲಿ ಬಿ ಲಸಿಕೆ 2002ರಲ್ಲಿ ಕೆಲವು ಕಡೆ ಶುರುವಾಗಿ 2011ರ ಹೊತ್ತಿಗೆ ಎಲ್ಲ ರಾಜ್ಯಕ್ಕೂ ಬಂತು. ಮಾಮಾನ ಕಾಲದಲ್ಲಿ ಇರಲಿಲ್ಲ. ಮೊದಲ ಸಾಲಿನ ರಕ್ಷಣೆಗೆ ಈ ವೈರಸ್ ಕಾಣಲ್ಲ ಅಂದಮೇಲೆ, ಆಂಟಿಬಾಡಿ ಮೊದಲೇ ತಯಾರಿರಬೇಕು. ಲಸಿಕೆಯಲ್ಲಿ ಇರುವುದೂ ಅಕ್ಕಾರು ಹೇಳಿದ ಆ ಖಾಲಿ ಗೋಲಿಗಳ ಪ್ರೋಟೀನೇ. ಈಗ ಅದನ್ನು ಯೀಸ್ಟ್‌ನಲ್ಲಿ ಬೆಳೆಸುತ್ತಾರೆ.

ರಾಯಬಾಗ ರೇಣು

ಇ ಬಗ್ಗೆ ಯಾರೂ ಹೇಳಲಿಲ್ಲ. ನಾನು ಆಶಾ ಕಾರ್ಯಕರ್ತೆ. ನದಿಗೆ ನೀರು ಬಂದು ಕುಡಿಯುವ ನೀರು ಕದಡಿದಾಗ ನಮಗೆ ಗರ್ಭಿಣಿಯರದ್ದೇ ಚಿಂತೆ.

ಗೋಕಾಕದವ

ಸರಿಯಾದ ಚಿಂತೆ ಅಕ್ಕಾ. ಇ ವೈರಸ್ ಕೂಡ ನೀರಿನಿಂದಲೇ. 1955-56ರಲ್ಲಿ ದೆಹಲಿಯಲ್ಲಿ ಯಮುನೆಯ ನೀರಿಗೆ ಚರಂಡಿ ಸೇರಿ 29,000ದಷ್ಟು ಜನರಿಗೆ ಕಾಮಣಿ ಆಯಿತು. ಆಗ ಅದು ಎ ಅಂದುಕೊಂಡಿದ್ದರು. ಎತ್ತಿಟ್ಟಿದ್ದ ರಕ್ತದ ಮಾದರಿಯನ್ನು ವರ್ಷಗಳ ಮೇಲೆ ಪರೀಕ್ಷೆ ಮಾಡಿದಾಗ ಎ ಅಲ್ಲ ಅಂತ ತಿಳಿಯಿತು. ಕೋಶಗಳಲ್ಲಿ ಇ ಇಂಟರ್‌ಫೆರಾನನ್ನು ಚೆನ್ನಾಗಿಯೇ ಎಬ್ಬಿಸುತ್ತದೆ. ಆದರೂ ಇ ಕ್ಯಾರೇ ಅನ್ನಲ್ಲ. ಎ ಮತ್ತು ಇ ಎರಡಕ್ಕೂ ಇನ್ನೊಂದು ಉಪಾಯ ಇದೆ. ರಕ್ತದಲ್ಲಿ ಓಡಾಡುವಾಗ ನಮ್ಮದೇ ಕೋಶದ ಪೊರೆಯನ್ನು ಹೊದ್ದಿರುತ್ತವೆ, ಆಂಟಿಬಾಡಿಗೆ ಸಿಗಲ್ಲ. ಪಿತ್ತರಸಕ್ಕೆ ಬಂದಾಗ ಆ ಪೊರೆ ಕರಗುತ್ತದೆ. ಮಲದಲ್ಲಿ ಹೊರಬೀಳುವುದು ಬರಿಮೈಯ ಗಟ್ಟಿ ವೈರಸ್.

ಲ್ಯಾಬ್ ಅಕ್ಕ (ಬೆಳಗಾವಿ)

ಕೊನೆ ತಿಂಗಳುಗಳಲ್ಲಿರುವ ಗರ್ಭಿಣಿಯರಿಗೆ ಇ ಬಂದರೆ 100ರಲ್ಲಿ 20-25 ಜನರ ಜೀವಕ್ಕೇ ಅಪಾಯ. ನೀರು ಕುದಿಸಿ ಕುಡಿಯಲು ಹೇಳಿ ರೇಣು ಅವರೇ. ಕಣ್ಣು ಹಳದಿ ಅಂದ ಕೂಡಲೇ ಮೂಲಿಕೆಗೆ ಕಳಿಸದೆ ಆಸ್ಪತ್ರೆಗೆ ಕರಕೊಂಡು ಹೋಗಿ.

ಇಂಡಿ ನಿಂಬೆ (ವಿಜಯಪುರ)

ಎ, ಬಿ, ಸಿ, ಇ ಆಯಿತು. ನಡುವೆ ಡಿ?

ಗೋಕಾಕದವ

ಡಿಗೆ ಸ್ವಂತ ಕವಚವೇ ಇಲ್ಲ, ಬಿ ಮಾಡಿದ ಕವಚ ಕದಿಯುತ್ತದೆ. 1977ರಲ್ಲಿ ಇಟಲಿಯ ಮಾರಿಯೊ ರಿಜೆಟ್ಟೊ ಕಂಡುಹಿಡಿದರು. ಸುಮಾರು 1,700 ಅಕ್ಷರದ ಉಂಗುರ ಆರ್‌ಎನ್‌ಎ. ಎಂಡಿಎ5 ಅದನ್ನು ಹಿಡಿಯುತ್ತದೆ, ಇಂಟರ್‌ಫೆರಾನ್ ಬರುತ್ತದೆ, ಆದರೂ ಡಿ ನಿಲ್ಲಲ್ಲ. ಲಿವರ್ ಕೋಶ ಒಡೆದು ಎರಡಾದಾಗ ಎರಡರೊಳಗೂ ಉಳಿದುಕೊಳ್ಳುತ್ತದೆ. ಬಿ ಜೊತೆ ಡಿ ಸೇರಿದರೆ ಲಿವರ್ ಬೇಗ ಕೆಡುತ್ತದೆ. ಮಾಮಾಗೆ ಡಿ ಆಂಟಿಬಾಡಿ ಪರೀಕ್ಷೆ ಬೇಕಾ ಅಂತ ಮುಂದಿನ ಸಲ ಡಾಕ್ಟರನ್ನು ಕೇಳಿ.

ಇಂಡಿ ನಿಂಬೆ (ವಿಜಯಪುರ)

ಬರೆದುಕೊಂಡೆ. ನಾಳೆ ಅವ್ವ, ಅತ್ತಿ, ತಮ್ಮ, ನಾನು ಎಲ್ಲರೂ ಪರೀಕ್ಷೆಗೆ ಹೋಗ್ತಾ ಇದ್ದೇವೆ. ಏನೇನು ಮಾಡಿಸಬೇಕು ಅಕ್ಕಾ? ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಹೋಗಬೇಕಾ?

ಲ್ಯಾಬ್ ಅಕ್ಕ (ಬೆಳಗಾವಿ)

ಮೂರು ಕೇಳಿ: ಎಚ್‌ಬಿಎಸ್‌ಎಜಿ, ಆಂಟಿ-ಎಚ್‌ಬಿಎಸ್ (ಹೊರಕವಚದ ವಿರುದ್ಧದ ಆಂಟಿಬಾಡಿ), ಆಂಟಿ-ಎಚ್‌ಬಿಸಿ (ವೈರಸ್ ಒಳತಿರುಳಿನ ವಿರುದ್ಧದ ಆಂಟಿಬಾಡಿ). ಮೂರೂ ನೆಗೆಟಿವ್ ಬಂದವರು ಲಸಿಕೆ ಶುರು ಮಾಡಿಸಿ. ಇವಕ್ಕೆ ಖಾಲಿ ಹೊಟ್ಟೆ ಬೇಕಿಲ್ಲ, ನಾಷ್ಟಾ ಮಾಡಿಕೊಂಡೇ ಹೋಗಿ.